ವೀರ್ ದಾಸ್ ವಿವಾದಗಳು: ಸಿಟ್ಟು ಬಂದದ್ದು ಮಾತಿಗೋ, ಮಾತಾಡಿದ ಜಾಗಕ್ಕೋ?

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹಿಂದಿನ ಸಾಲು

2022ರ ನವೆಂಬರ್ 10ರಂದು ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ, ಇಂಗ್ಲಿಷಿನಲ್ಲಿ ಸ್ಟ್ಯಾಂಡ್ ಅಪ್ ಹಾಸ್ಯ ಹೇಳುವ ವೀರ್ ದಾಸ್ ಅವರ ಕಾರ್ಯಕ್ರಮಕ್ಕೆ ನಾನು ಎರಡು ಟಿಕೆಟ್ ಕೊಂಡಿದ್ದೆ. ಹಿಂದೂ ಜನಜಾಗೃತಿ ಸಮಿತಿಯವರು ವೈಯಾಲಿಕಾವಲ್ ಠಾಣೆಗೆ ದೂರು ಕೊಟ್ಟು, ಹಿಂದಿನ ವರ್ಷ ವಾಷಿಂಗ್ಟನ್ನಿನಲ್ಲಿ ಅವರು ಆಡಿದ ಮಾತನ್ನು ಹಿಡಿದು, ಹೊರದೇಶದಲ್ಲಿ ನಿಂತು ದೇಶದ ಮಾನ ಕಳೆದವರಿಗೆ ಇಲ್ಲಿ ವೇದಿಕೆ ಸಲ್ಲದು ಎಂದರು. ‘ಅನಿವಾರ್ಯ ಕಾರಣಗಳಿಂದ’ ಬೆಂಗಳೂರಿನ ಕಾರ್ಯಕ್ರಮವನ್ನು ಮುಂದೂಡಲಾಗಿದೆ ಎಂದು ದಾಸ್ ಪ್ರಕಟಿಸಿದರು. ರಜೆ ಹೇಗೂ ಹಾಕಿಯಾಗಿತ್ತು, ಹೀಗಾಗಿ ನಾನೂ ನನ್ನಾಕೆಯೂ ಮಲ್ಲೇಶ್ವರಕ್ಕೆ ಹೋಗಿ ದೋಸೆ ತಿಂದು ಹಿಂತಿರುಗಿದೆವು. ಇದಾಗಿ ಒಂದು ವರ್ಷ ಹತ್ತು ದಿನಕ್ಕೆ, ಎಂದರೆ 2023ರ ನವೆಂಬರ್ 20ರಂದು, ನ್ಯೂಯಾರ್ಕಿನಲ್ಲಿ ಅದೇ ಮನುಷ್ಯನ ‘ಲ್ಯಾಂಡಿಂಗ್’ ಎಂಬ ಕಾರ್ಯಕ್ರಮಕ್ಕೆ ಹಾಸ್ಯ ವಿಭಾಗದ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿ ಬಂತು. ‘ಡೆರ್ರಿ ಗರ್ಲ್ಸ್’ ಎಂಬ ಬ್ರಿಟಿಷ್ ಧಾರಾವಾಹಿಯೊಡನೆ ಹಂಚಿಕೊಂಡ ಪ್ರಶಸ್ತಿ ಅದು. ಮರುವರ್ಷ ಅದೇ ಸಮಾರಂಭದ ನಿರೂಪಣೆಯನ್ನೂ ಅವರಿಗೇ ವಹಿಸಿದರು.

ಇವರು ಪಕ್ಷ ರಾಜಕಾರಣದ ವಿದೂಷಕರೇನಲ್ಲ. ಹುಟ್ಟಿದ್ದು 1979ರಲ್ಲಿ ಡೆಹ್ರಾಡೂನಿನಲ್ಲಿ, ಬಾಲ್ಯ ಕಳೆದದ್ದು ನೈಜೀರಿಯಾದ ಲಾಗೋಸಿನಲ್ಲಿ, ಓದಿದ್ದು ಸನಾವರದ ಲಾರೆನ್ಸ್ ಶಾಲೆಯಲ್ಲಿ, ಬಳಿಕ ಅಮೆರಿಕದ ಇಲಿನಾಯ್ ರಾಜ್ಯದ ನಾಕ್ಸ್ ಕಾಲೇಜಿನಲ್ಲಿ, ಅದೂ ಅರ್ಥಶಾಸ್ತ್ರ ಮತ್ತು ರಂಗಭೂಮಿಯನ್ನು. ಬಹುಕಾಲ ಅವರ ಸರಕೆಂದರೆ ಮಧ್ಯಮ ವರ್ಗದ ಮುಜುಗರಗಳು, ಪ್ರೇಮಭಂಗ, ಕಾನ್ವೆಂಟಿನ ನೆನಪು ಇಷ್ಟೇ. ಅಂಥವರ ಬೆನ್ನಿಗೆ ದೂರುಗಳ ಸಾಲೇ ಬೀಳಲು ಕಾರಣವಾದದ್ದು ಅವರ ಮಾತೋ, ಮಾತಾಡಿದ ಜಾಗವೋ, ಅಥವಾ ಆಗಿನ ಕಾಲವೋ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಬಲ್ಲವರು ಬರೆಯಬೇಕು.

ತೆರೆಮರೆ

ನಟನೆಯ ವಿಷಯ ಬೇಗ ಮುಗಿಸಿಬಿಡಬಹುದು. ನನ್ನ ಎಣಿಕೆಯಲ್ಲಿ ನೆನಪಿನಲ್ಲಿ ಉಳಿಯುವಂಥವು ಎರಡೇ. 2011ರ ‘ಡೆಲ್ಲಿ ಬೆಲ್ಲಿ’ಯ ವ್ಯಂಗ್ಯಚಿತ್ರಕಾರ ಅರೂಪ್ ಒಂದು, 2013ರ ‘ಗೋವಾ ಗಾನ್’ ಎಂಬ ಜೊಂಬಿ ಹಾಸ್ಯಚಿತ್ರದ ಪಾತ್ರ ಇನ್ನೊಂದು. (ಅದರ ಪೂರ್ಣ ಹೆಸರು ‘ಗೋ ಗೋವಾ ಗಾನ್’, ನಾಲಿಗೆ ಹೊರಳದೆ ನಮ್ಮ ಮನೆಯಲ್ಲಿ ಯಾವಾಗಲೂ ಒಂದು ‘ಗೋ’ ಬಿಟ್ಟೇ ಹೇಳುತ್ತೇವೆ.) ಎರಡರಲ್ಲೂ ಅವರು ನಾಯಕರಲ್ಲ, ನಾಯಕನ ಪಕ್ಕದಲ್ಲಿ ನಿಂತು ಪೆಟ್ಟು ತಿನ್ನುವ ಗೆಳೆಯ. ನಾಯಕನ ಸಾಲಿಗೆ ಏರಿಸಿದಾಗಲೆಲ್ಲ ಚಿತ್ರ ಬಿದ್ದುಹೋಗಿದೆ. 2016ರ ‘ಮಸ್ತೀಜಾದೆ’ಯಂಥ ಚಿತ್ರಗಳನ್ನು ಅವರು ಏಕೆ ಒಪ್ಪಿಕೊಂಡರೋ ಅವರೇ ಬಲ್ಲರು. ಅಮೆರಿಕದ ಎಬಿಸಿ ವಾಹಿನಿಯ ‘ವಿಸ್ಕಿ ಕ್ಯಾವಲಿಯರ್’ 2019ರಲ್ಲಿ ಒಂದೇ ಸರಣಿಗೆ ನಿಂತಿತು. ‘ಏಲಿಯನ್ ಚಟ್ನಿ’ ಎಂಬ ಹಾಸ್ಯದ ರಾಕ್ ತಂಡವನ್ನೂ ಅವರು ಕಟ್ಟಿದ್ದರು. ಆ ಹಾಡುಗಳ ಬಗ್ಗೆ ಏನೂ ಹೇಳದಿರುವುದೇ ಒಳ್ಳೆಯದು.

ನಟನೆಯಲ್ಲಿ ವಿವಾದಕ್ಕೆ ನೇರ ನಂಟಿರುವ ಒಂದೇ ಕೃತಿ 2020ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಹಸ್ಮುಖ್’. ಸಹರಾನ್‌ಪುರದ ಬಡಪಾಯಿ ಹಾಸ್ಯಗಾರನೊಬ್ಬನಿಗೆ ಯಾರನ್ನಾದರೂ ಕೊಂದ ಮೇಲಷ್ಟೇ ವೇದಿಕೆಯ ಮೇಲೆ ಮಾತು ಹರಿಯುತ್ತದೆ ಎಂಬುದು ಕಥೆ. ಕಥಾವಸ್ತು ಚೆನ್ನಾಗಿತ್ತು, ಎಳೆದದ್ದು ಹೆಚ್ಚಾಯಿತು. ಇಷ್ಟೊಂದು ಹೆಣ ಬಿದ್ದ ಧಾರಾವಾಹಿಯಲ್ಲಿ ತಕರಾರು ಬಂದದ್ದು ಕೊಲೆಗಳ ಬಗ್ಗೆ ಅಲ್ಲ, ನಾಲ್ಕನೆಯ ಕಂತಿನಲ್ಲಿ ವಕೀಲರನ್ನು ಕಳ್ಳರೆಂದು ಬೈದ ಒಂದು ಮಾತಿನ ಬಗ್ಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಪ್ರೇರಿ ಕನ್ನಡಿಗ

ನಾನು ಇಲಿನಾಯ್‌ನಲ್ಲಿ ಇರುವವನು, ದಾಸ್ ಓದಿದ ಗೇಲ್ಸ್‌ಬರ್ಗ್ ನಮ್ಮೂರಿನಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರ. ಹಿಂದಿನ ಸಾಲಿನವರ ಪ್ರಶ್ನೆಗೆ ನನ್ನ ಉತ್ತರ ಜಾಗ ಎಂಬುದೇ. ಹಾಗೆ ಹೇಳಲು ನನಗೊಂದು ಸ್ವಂತ ಕಾರಣವಿದೆ.

2021ರ ನವೆಂಬರ್ 12ರಂದು ಅವರು ವಾಷಿಂಗ್ಟನ್ನಿನ ಕೆನಡಿ ಸೆಂಟರಿನಲ್ಲಿ ಕಾರ್ಯಕ್ರಮ ಕೊಟ್ಟು, ಕೊನೆಯಲ್ಲಿ ನಾನು ಎರಡು ಭಾರತಗಳಿಂದ ಬಂದವನು ಎಂಬ ಸುಮಾರು ಏಳು ನಿಮಿಷದ ಭಾಗವೊಂದನ್ನು ಹೇಳಿ, ಕೆಲವೇ ದಿನಗಳಲ್ಲಿ ಅದನ್ನು ಯೂಟ್ಯೂಬಿಗೆ ಹಾಕಿದರು. ಹಗಲು ಹೆಣ್ಣನ್ನು ಪೂಜಿಸಿ ರಾತ್ರಿ ಅವಳ ಮೇಲೆ ಅತ್ಯಾಚಾರ ಎಸಗುವ ಭಾರತ, ಸಸ್ಯಾಹಾರಿಗಳೆಂದು ಬೀಗುತ್ತಲೇ ತರಕಾರಿ ಬೆಳೆಯುವ ರೈತರ ಮೇಲೆ ವಾಹನ ಹರಿಸುವ ಭಾರತ, ಮಕ್ಕಳು ಮಾಸ್ಕ್ ತೊಟ್ಟು ಕೈ ಹಿಡಿದುಕೊಳ್ಳುವಾಗ ನಾಯಕರು ಮಾಸ್ಕ್ ಇಲ್ಲದೆ ಅಪ್ಪಿಕೊಳ್ಳುವ ಭಾರತ, ಹೀಗೆ ಜೋಡಿ ಜೋಡಿಯಾಗಿ ಹೇಳುತ್ತ ಹೋಗುವ ವಾಚನ ಅದು. ಕಚೇರಿಯ ಊಟದ ಹೊತ್ತಿನಲ್ಲಿ ಅಮೆರಿಕನ್ ಸಹೋದ್ಯೋಗಿಯೊಬ್ಬರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದು, ಇವರನ್ನು ನೀವು ಬಲ್ಲಿರಾ ಎಂದು ಕೇಳಿ ಅದನ್ನು ಹಾಕಿದರು. ಮೊದಲ ನಾಲ್ಕಾರು ಸಾಲಿಗೆ ಇಬ್ಬರೂ ನಕ್ಕೆವು. ಆಮೇಲೆ ಅವರು ನಗುತ್ತಲೇ ಇದ್ದರು, ನನ್ನ ಕೈಯಲ್ಲಿದ್ದ ಚಮಚ ಮಾತ್ರ ಡಬ್ಬಿಯಲ್ಲೇ ನಿಂತಿತು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅವನ್ನೇ ಅವರು ಹುಬ್ಬಳ್ಳಿಯಲ್ಲಿ ಹೇಳಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಪಕ್ಕದ ಮನೆಯವರು ನಗುವಾಗ ನಮ್ಮ ಮನೆಯ ನಿಜವೂ ಚುಚ್ಚುತ್ತದೆ. ಆ ಚುಚ್ಚು ನ್ಯಾಯವಾದದ್ದು ಎಂದು ನಾನು ವಾದಿಸುವುದಿಲ್ಲ, ಅದು ಇದೆ ಎಂದಷ್ಟೇ ಒಪ್ಪಿಕೊಳ್ಳುತ್ತೇನೆ. ಭಾರತದಲ್ಲಿ ದೂರು ಕೊಟ್ಟವರೂ ಮುಖ್ಯವಾಗಿ ಹಿಡಿದದ್ದು ಹೊರದೇಶದ ನೆಲ ಎಂಬುದನ್ನೇ. ಕಪಿಲ್ ಸಿಬಲ್ ಅವರು ಆಗ ಬರೆದದ್ದರ ಸಾರವೂ ಇದೇ: ಎರಡು ಭಾರತಗಳಿರುವುದರಲ್ಲಿ ಅನುಮಾನವಿಲ್ಲ, ಭಾರತೀಯನೊಬ್ಬ ಅದನ್ನು ಲೋಕಕ್ಕೆ ಹೇಳುವುದಷ್ಟೇ ನಮಗೆ ಬೇಡ.

ತಮಾಷೆಯೆಂದರೆ, ದಾಸ್ ಅವರ ಕಸುಬೇ ಎರಡು ಜಾಗಗಳ ಮೇಲೆ ನಿಂತದ್ದು. 2017ರ ‘ಅಬ್ರಾಡ್ ಅಂಡರ್‌ಸ್ಟ್ಯಾಂಡಿಂಗ್’ ಎಂಬ ಅವರ ಮೊದಲ ನೆಟ್‌ಫ್ಲಿಕ್ಸ್ ಕಾರ್ಯಕ್ರಮವನ್ನು ನ್ಯೂಯಾರ್ಕಿನಲ್ಲೂ ದೆಹಲಿಯಲ್ಲೂ ಚಿತ್ರಿಸಿ, ಒಂದೇ ಓಟದಲ್ಲಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕತ್ತರಿಸಿ ಜೋಡಿಸಿದ್ದಾರೆ. ನ್ಯೂಯಾರ್ಕಿನಲ್ಲಿ ಅವರು ದೇಶವನ್ನು ಪರಿಚಯಿಸುವ ಗೈಡ್, ದೆಹಲಿಯಲ್ಲಿ ಅದೇ ದೇಶದ ಮನೆಮಗ. ಕೆನಡಿ ಸೆಂಟರಿನಲ್ಲಿ ಮನೆಮಗನ ಮಾತನ್ನು ಗೈಡಿನ ಜಾಗದಲ್ಲಿ ನಿಂತು ಆಡಿದರು. ಅಲ್ಲೇ ಎಡವಟ್ಟಾಯಿತು.

ನೇರನುಡಿ

ಇಲ್ಲಿ ಎಲ್ಲರೂ ದಾಸ್ ಅವರನ್ನು ಹುತಾತ್ಮರ ಪೀಠಕ್ಕೆ ಏರಿಸುವ ಮೊದಲು ಎರಡು ಮಾತು ಹೇಳಬೇಕಾಗಿದೆ. ಕಾರ್ಯಕ್ರಮ ನಿಲ್ಲಿಸಿದ್ದು ತಪ್ಪು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಏಳು ನಿಮಿಷ ಹಾಸ್ಯವಾಗಿ ದುರ್ಬಲವಾಗಿತ್ತು ಎಂದು ಹೇಳಲು ಯಾವ ಸಮಿತಿಯ ಸದಸ್ಯತ್ವವೂ ಬೇಕಿಲ್ಲ. ಒಂದೇ ವಾಕ್ಯದ ಅಚ್ಚಿನಲ್ಲಿ ಇಪ್ಪತ್ತು ಸಲ ಹಿಟ್ಟು ಸುರಿದರೆ ಅದು ಪಡ್ಡಾಗಬಹುದು, ವಿಡಂಬನೆಯಾಗುವುದಿಲ್ಲ. ವಿಡಂಬನೆಗೆ ಒಂದು ಗುರಿ ಬೇಕು, ಹೆಸರು ಬೇಕು. ರೈತರ ಮೇಲೆ ವಾಹನ ಹರಿದದ್ದು ಲಖೀಂಪುರ ಖೇರಿಯಲ್ಲಿ, ಅದೇ ವರ್ಷದ ಅಕ್ಟೋಬರ್ 3ರಂದು. ಅದನ್ನು ಹೆಸರಿಟ್ಟು ಹೇಳದೆ ‘ನಾವು’ ಎಂದು ಇಡೀ ದೇಶದ ಮೇಲೆ ಹಾಕಿದಾಗ ನಿಜವಾಗಿ ಹೊಣೆ ಹೊರಬೇಕಾದವರು ಗುಂಪಿನಲ್ಲಿ ಜಾರಿಕೊಳ್ಳುತ್ತಾರೆ. ಕಾಂಗ್ರೆಸ್ಸಿನವರೇ ಆದ ಅಭಿಷೇಕ್ ಮನು ಸಿಂಘ್ವಿಯವರು ಕೆಲವರ ಕೆಡುಕನ್ನು ಇಡೀ ದೇಶಕ್ಕೆ ಹಚ್ಚುವುದು ಸಲ್ಲದು ಎಂದದ್ದು, ಶಶಿ ತರೂರ್ ಅದೇ ದಾಸ್ ಅವರ ಬೆನ್ನು ತಟ್ಟಿದ್ದು, ಇವೆರಡೂ ಒಂದೇ ಪಕ್ಷದಿಂದ ಬಂದ ಮಾತುಗಳು. ಆದುದರಿಂದ ಇದನ್ನು ಬರೀ ಬಲಪಂಥದ ಸಿಟ್ಟು ಎಂದು ತಳ್ಳಿಹಾಕಲಾಗದು.

ಇನ್ನೊಂದು ಸಂಗತಿ. ಅದೇ 2021ರಲ್ಲಿ ಅವರ ‘ಟೆನ್ ಆನ್ ಟೆನ್’ ಸರಣಿಯ ಕಂತೊಂದರಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯವನ್ನು ನೋಯಿಸುವ ಹಾಸ್ಯವಿತ್ತು, ಆಕ್ಷೇಪ ಬಂದ ಮೇಲೆ ಅವರು ಕ್ಷಮೆ ಕೇಳಿದರು. ಕೇಳಿದ್ದು ಸರಿಯೇ. ಆದರೆ ಅಲ್ಲಿ ನೊಂದವರು ಪೊಲೀಸರ ಬಳಿಗೆ ಓಡಲಿಲ್ಲ, ಸಭಾಂಗಣದ ಬಾಗಿಲು ಹಾಕಿಸಲಿಲ್ಲ, ಮಾತಿಗೆ ಮಾತಿನಲ್ಲೇ ಉತ್ತರ ಕೊಟ್ಟರು ಎಂಬುದನ್ನು ಯಾರೂ ಎತ್ತಿ ಹೇಳುವುದಿಲ್ಲ. 2022ರ ನವೆಂಬರ್‌ನಲ್ಲಿ ಮುಂಬಯಿಯ ಕಫ್ ಪರೇಡ್ ಠಾಣೆಯಲ್ಲಿ ದಾಖಲಾದ ಕೃತಿಸ್ವಾಮ್ಯದ ಪ್ರಕರಣವೂ ಇದೆ. 2010ರಲ್ಲಿ ತಮ್ಮ ಸಂಸ್ಥೆಯ ಜೊತೆ ಮಾಡಿದ ಕಾರ್ಯಕ್ರಮದ ಭಾಗಗಳನ್ನೇ 2020ರ ನೆಟ್‌ಫ್ಲಿಕ್ಸ್ ಕಾರ್ಯಕ್ರಮದಲ್ಲಿ ಬಳಸಿದ್ದಾರೆ ಎಂಬುದು ನಾಟಕ ನಿರ್ಮಾಪಕರೊಬ್ಬರ ಆರೋಪ, ದಾಸ್ ಅದನ್ನು ಅಲ್ಲಗಳೆದಿದ್ದಾರೆ. ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯಲ್ಲ, ವ್ಯವಹಾರದ ಜಗಳ. ಬೆಂಗಳೂರಿನ ಸುದ್ದಿಯೂ ಇದೂ ಒಂದೇ ವಾರದ ಆಸುಪಾಸಿನಲ್ಲಿ ಬಂದುದರಿಂದ ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ‘ಕಿರುಕುಳ’ ಎಂದು ಚೀಟಿ ಅಂಟಿಸುವುದು ಬೇಡ.

ಕರಿಕೋಟು

ವಕೀಲರ ಕುಂಬಳಕಾಯಿಯ ಪ್ರಸ್ತಾಪ ಬಂದಿರುವುದರಿಂದ ಹೆಗಲು ಒರೆಸಿಕೊಂಡೇ ಬರೆಯುತ್ತೇನೆ. ‘ಹಸ್ಮುಖ್’ ಧಾರಾವಾಹಿಗೆ ತಡೆ ಕೋರಿದ ಅರ್ಜಿಯನ್ನು ದೆಹಲಿ ಉಚ್ಚ ನ್ಯಾಯಾಲಯವು 2020ರ ಮೇ ತಿಂಗಳಲ್ಲಿ ಪರಿಶೀಲಿಸಿ ತಡೆ ನೀಡಲು ನಿರಾಕರಿಸಿತು. ತಾನು ಕಂಡ ಸಮಾಜವನ್ನು ಕಂಡಂತೆ ಚಿತ್ರಿಸುವ ಸ್ವಾತಂತ್ರ್ಯ ಕಲಾವಿದನಿಗೆ ಇರುವುದೇ ಪ್ರಜಾಪ್ರಭುತ್ವದ ತಿರುಳು, ಸಮಾಜದ ಕೆಡುಕನ್ನು ಬಯಲಿಗೆಳೆಯುವ ಮುಖ್ಯ ದಾರಿಗಳಲ್ಲಿ ವಿಡಂಬನೆಯೂ ಒಂದು ಎಂಬುದು ಆ ಆದೇಶದ ಭಾವ. ಬೈಸಿಕೊಂಡ ವೃತ್ತಿಯವರೇ ಪೀಠದ ಮೇಲೂ ಕೂತಿದ್ದ ಪ್ರಕರಣದಲ್ಲಿ ಇಂಥ ಆದೇಶ ಬಂದದ್ದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ನಮ್ಮ ಮೇಲಿನ ನ್ಯಾಯಾಲಯಗಳ ಮಾತು ಈ ವಿಷಯದಲ್ಲಿ ಗಟ್ಟಿಯಾಗಿಯೇ ಇದೆ. ತಮಿಳು ಚಿತ್ರವೊಂದರ ಸಂಬಂಧ 1989ರಲ್ಲಿ ಬಂದ ಎಸ್. ರಂಗರಾಜನ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರತಿಭಟನೆ ಮಾಡುತ್ತೇವೆ, ಗಲಾಟೆ ಎಬ್ಬಿಸುತ್ತೇವೆ ಎಂಬ ಬೆದರಿಕೆಯ ನೆಪದಲ್ಲಿ ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು, ಹಾಗೆ ಮಾಡಿದರೆ ಸರ್ಕಾರ ಬೆದರಿಸುವವರಿಗೆ ಶರಣಾದಂತೆ ಎಂದು ಹೇಳಿತು. 2025ರ ಮಾರ್ಚ್ 28ರಂದು ಕವಿಯೂ ಸಂಸದರೂ ಆದ ಇಮ್ರಾನ್ ಪ್ರತಾಪ್‌ಗಢಿಯವರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಗಣರಾಜ್ಯಕ್ಕೆ 75 ವರ್ಷವಾದ ಮೇಲೂ ಒಂದು ಕವಿತೆಯ ವಾಚನದಿಂದಲೋ ಸ್ಟ್ಯಾಂಡ್ ಅಪ್ ಹಾಸ್ಯದಿಂದಲೋ ಸಮುದಾಯಗಳ ನಡುವೆ ದ್ವೇಷ ಹುಟ್ಟುವಷ್ಟು ನಾವು ದುರ್ಬಲರಾಗಿದ್ದೇವೆ ಎನ್ನಲಾಗದು ಎಂಬರ್ಥದ ಮಾತನ್ನು ಆಡಿತು. ಮಾತಿನ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ ವಿವೇಕಿಯ ಅಳತೆಗೋಲಿನಿಂದ, ಎಲ್ಲದರಲ್ಲೂ ಅವಮಾನ ಕಾಣುವವರ ಅಳತೆಗೋಲಿನಿಂದಲ್ಲ ಎಂದೂ ಹೇಳಿತು.

ಇಷ್ಟೆಲ್ಲ ಇದ್ದೂ ಚೌಡಯ್ಯ ಭವನದ ಕಾರ್ಯಕ್ರಮ ಏಕೆ ನಡೆಯಲಿಲ್ಲ? ಏಕೆಂದರೆ ಆ ವಿಷಯ ನ್ಯಾಯಾಲಯದ ತನಕ ಹೋಗಲೇ ಇಲ್ಲ. ದೂರು ಕೊಡುವವರಿಗೆ ಖರ್ಚಾಗುವುದು ಒಂದು ಹಾಳೆ ಕಾಗದ. ಆ ಕಾಗದ ಠಾಣೆಗೆ ಬಂದ ಮೇಲೆ ಆಯೋಜಕರು ಅನುಮತಿ, ಬಂದೋಬಸ್ತು, ವಿಮೆ, ಒಡೆದರೆ ಕುರ್ಚಿಗಳ ಬೆಲೆ ಇವನ್ನೆಲ್ಲ ಎರಡೇ ದಿನದಲ್ಲಿ ಲೆಕ್ಕ ಹಾಕಬೇಕು. ರಿಟ್ ಅರ್ಜಿ ಹಾಕಿ ಆದೇಶ ತರುವಷ್ಟರಲ್ಲಿ ಕಾರ್ಯಕ್ರಮದ ದಿನ ದಾಟಿರುತ್ತದೆ. ದಿನಾಂಕ ದಾಟಿದ ಮೇಲೆ ಗೆದ್ದು ಮಾಡುವುದೇನು? ಹೀಗಾಗಿ ನಿಷೇಧಿಸಿದವರು ಯಾರು ಎಂದು ಕೇಳಿದರೆ ಯಾರೂ ಇಲ್ಲ. ಆದೇಶವೇ ಇಲ್ಲದಿರುವಾಗ ಪ್ರಶ್ನಿಸಲು ಆದೇಶದ ಪ್ರತಿಯೂ ಸಿಗುವುದಿಲ್ಲ. ನನ್ನ ಬಳಿ ಬಂದ ಸಣ್ಣ ಆಯೋಜಕರೊಬ್ಬರಿಗೆ (ದಾಸ್ ಅವರಿಗೆ ಸಂಬಂಧವಿಲ್ಲದ ಬೇರೊಂದು ಕಾರ್ಯಕ್ರಮ) ನಾನು ಕೊಟ್ಟ ಸಲಹೆ ಹಣ ಹಿಂತಿರುಗಿಸಿ ಮನೆಗೆ ಹೋಗಿ ಎಂಬುದು. ಕಾನೂನು ಅವರ ಪರವಾಗಿತ್ತು, ಕ್ಯಾಲೆಂಡರ್ ಇರಲಿಲ್ಲ.

ನಾಟಕದ ಹುಚ್ಚು

ಈ ಚರ್ಚೆಯಲ್ಲಿ ಮಾಸ್ಟರ್ ಹಿರಣ್ಣಯ್ಯನವರ ಹೆಸರು ಇನ್ನೂ ಬರದಿರುವುದು ನನಗೆ ಸೋಜಿಗ. ‘ಲಂಚಾವತಾರ’ದಲ್ಲಿ ಅವರು ಕಥೆಯನ್ನು ಪಕ್ಕಕ್ಕಿಟ್ಟು ಆ ದಿನದ ಪತ್ರಿಕೆಯ ಸುದ್ದಿಯನ್ನೇ ಎತ್ತಿಕೊಂಡು, ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿಯ ಮುಖ ನೋಡಿಯೇ ಮಾತು ಹರಿಯಬಿಡುತ್ತಿದ್ದರು. ನನಗೆ ಹತ್ತೋ ಹನ್ನೊಂದೋ ವರ್ಷ, ತಂದೆಯ ಪಕ್ಕ ಮಡಚುವ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದೆ. ತಂದೆಯವರು ಕಂದಾಯ ಇಲಾಖೆಯಲ್ಲಿ ಗುಮಾಸ್ತರು. ಲಂಚದ ಬಗ್ಗೆ ಹಿರಣ್ಣಯ್ಯನವರು ಒಂದೊಂದು ಮಾತು ಎಸೆದಾಗಲೂ ಸುತ್ತಲಿನವರು ತಂದೆಯ ಕಡೆ ತಿರುಗಿ ನಗುತ್ತಿದ್ದರು. ತಂದೆಯವರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಮನೆಗೆ ಬಂದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ ಎಂಬುದೂ ನೆನಪಿದೆ.

ಹಾಗಾದರೆ ಅವರಿಗೆ ದಕ್ಕಿದ್ದು ಇವರಿಗೆ ಏಕೆ ದಕ್ಕಲಿಲ್ಲ? ಹಿರಣ್ಣಯ್ಯನವರ ಹಿಂದೆ ಊರು ಇತ್ತು. ನಾಟಕ ನಿಲ್ಲಿಸಲು ಯಾರಾದರೂ ಬಂದರೆ, ತಲೆತಲಾಂತರದಿಂದ ಆ ಮಂಡಳಿಯನ್ನು ಬಲ್ಲ ಜನ ಬಾಗಿಲಲ್ಲೇ ಕೇಳುತ್ತಿದ್ದರು, ನೀವು ಯಾರು, ಯಾರ ಮಗ ಎಂದು. ಇಂಗ್ಲಿಷಿನಲ್ಲಿ ಹಾಸ್ಯ ಹೇಳುವವರಿಗೆ ಬೆಂಗಳೂರಿನಲ್ಲಿ ಪ್ರೇಕ್ಷಕರಿದ್ದಾರೆ, ಬಳಗವಿಲ್ಲ. ಟಿಕೆಟ್ ಕೊಂಡ ಸಾವಿರ ಜನ ಒಬ್ಬರಿಗೊಬ್ಬರು ಗುರುತಿಲ್ಲದ ಸಾವಿರ ಫೋನುಗಳು. ಹಿಂದಿನ ಸಾಲಿನವರು ದೋಸೆ ತಿಂದು ಮನೆಗೆ ಹೋದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ಹೀಗಾಗಿ ಇದು ಆಕ್ಷೇಪಣೆಯಲ್ಲ.

ನೇರನುಡಿ

ಹಿರಣ್ಣಯ್ಯನವರ ಹೋಲಿಕೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಅವರು ಹೆಸರು ಹಿಡಿದು ಬೈದರು, ಬೈಸಿಕೊಂಡವರ ಮುಂದೆಯೇ ಬೈದರು. ಕೆನಡಿ ಸೆಂಟರಿನ ಮುಂದಿನ ಸಾಲಿನಲ್ಲಿ ಯಾವ ಅಧಿಕಾರಿ ಕೂತಿದ್ದ?

ಪ್ರೇರಿ ಕನ್ನಡಿಗ

ಅಲ್ಲಿ ಕೂತಿದ್ದವರಲ್ಲಿ ಬಹಳಷ್ಟು ಜನ ನಮ್ಮವರೇ ಆಗಿದ್ದರು, ಅದನ್ನು ಮರೆಯಬಾರದು. ವೀಡಿಯೊದ ಕೊನೆಯವರೆಗೆ ನೋಡಿದವರಿಗೆ ಗೊತ್ತು, ಅವರು ಕೊನೆಗೆ ಕೇಳುವುದು ದೇಶದ ಒಳ್ಳೆಯ ಭಾಗಕ್ಕಾಗಿ ಚಪ್ಪಾಳೆಯನ್ನು, ಸಭಾಂಗಣ ಅದನ್ನು ಕೊಡುತ್ತದೆ. ಸುತ್ತಾಡಿದ್ದು ಆ ಕೊನೆಯ ಭಾಗವನ್ನು ಬಿಟ್ಟ ತುಣುಕುಗಳು. ತುಣುಕು ನೋಡಿ ಮೋಸಹೋಗಬೇಡಿ ಎಂದು ದಾಸ್ ಆಗಲೇ ಹೇಳಿಕೆ ಕೊಟ್ಟಿದ್ದರು. ಅದೇ ವಾರ ಮಧ್ಯಪ್ರದೇಶದ ಆಗಿನ ಗೃಹ ಸಚಿವ ನರೋತ್ತಮ್ ಮಿಶ್ರಾ ಅವರು ಇಂಥ ವಿದೂಷಕರಿಗೆ ತಮ್ಮ ರಾಜ್ಯದಲ್ಲಿ ಅವಕಾಶವಿಲ್ಲ ಎಂದರು. ಅವರು ಪೂರ್ತಿ ಏಳು ನಿಮಿಷ ನೋಡಿದ್ದರೇ ಎಂದು ಕೇಳುವ ಧೈರ್ಯ ಯಾರಿಗಿತ್ತೋ ಕಾಣೆ.

ಇನ್ನೊಂದು ಮಾತು. ದಾಸ್ ಅವರನ್ನು ಆ ಏಳು ನಿಮಿಷದಿಂದಷ್ಟೇ ಅಳೆಯುವವರು 2020ರ ‘ಫಾರ್ ಇಂಡಿಯಾ’ ನೋಡಬೇಕು. ಮೆಟ್ಟಿಲ ಮೇಲೆ ಕೂತು, ಪಾರ್ಲೆ-ಜಿ ಬಿಸ್ಕತ್ತು, ಚ್ಯವನಪ್ರಾಶ ಇವುಗಳ ಮೂಲಕವೇ ದೇಶದ ಕಥೆ ಹೇಳುವ ಕಾರ್ಯಕ್ರಮ ಅದು. ಬಿಸ್ಕತ್ತನ್ನು ಚಹಾದಲ್ಲಿ ಎಷ್ಟು ಹೊತ್ತು ಅದ್ದಬಹುದು, ಯಾವ ಕ್ಷಣಕ್ಕೆ ಅದು ಮುರಿದು ಲೋಟದ ತಳ ಸೇರುತ್ತದೆ ಎಂಬುದನ್ನು ಬಲ್ಲವರಿಗೆಂದೇ ಮಾಡಿದ್ದು. ಎಮ್ಮಿಗೆ ಅವರ ಹೆಸರು ಮೊದಲು ಹೋದದ್ದೂ ಇದರಿಂದಲೇ, 2021ರಲ್ಲಿ. ಆ ವರ್ಷದ ಸಮಾರಂಭ ನಡೆದದ್ದು ನವೆಂಬರ್ 22ರಂದು, ದೂರುಗಳ ಸುರಿಮಳೆಯ ನಟ್ಟನಡುವೆ. ದೇಶವನ್ನು ಮುದ್ದಿಸಿದ ಕಾರ್ಯಕ್ರಮಕ್ಕೆ ಪ್ರಶಸ್ತಿ ತಪ್ಪಿತು, ಬೈಗುಳ ತಿಂದ ಕಥೆಯನ್ನು ಹೇಳಿಕೊಂಡ ‘ಲ್ಯಾಂಡಿಂಗ್’ಗೆ ಸಿಕ್ಕಿತು. ಇದರಲ್ಲಿ ತೀರ್ಪುಗಾರರ ರುಚಿಯೂ ಇದೆ ಎಂದು ನೇರನುಡಿಯವರು ಹೇಳಿದರೆ ನಾನು ಜಗಳಕ್ಕೆ ಬರುವುದಿಲ್ಲ.

ಹಿಂದಿನ ಸಾಲು

ಎಲ್ಲರ ಬರಹವನ್ನೂ ಓದಿದೆ. ಜಾಗದ ವಾದ ನನ್ನ ಮಟ್ಟಿಗೆ ಅರ್ಧ ಸರಿ. ಏಕೆಂದರೆ ಚೌಡಯ್ಯ ಭವನಕ್ಕೆ ಒಂದು ವರ್ಷ ಮುಂಚೆ, 2021ರ ನವೆಂಬರ್ 28ರಂದು, ಇದೇ ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ನಡೆಯಬೇಕಿದ್ದ ಹಾಸ್ಯಗಾರ ಮುನಾವರ್ ಫಾರೂಕಿ ಅವರ ಕಾರ್ಯಕ್ರಮವೂ ರದ್ದಾಯಿತು. ಶಾಂತಿ ಕದಡೀತು ಎಂದು ಪೊಲೀಸರೇ ಆಯೋಜಕರಿಗೆ ಪತ್ರ ಬರೆದಿದ್ದರು. ಫಾರೂಕಿ ಯಾವ ವಾಷಿಂಗ್ಟನ್ನಿಗೂ ಹೋಗಿರಲಿಲ್ಲ. ಇಂದೋರಿನ ಕೆಫೆಯೊಂದರಲ್ಲಿ 2021ರ ಹೊಸವರ್ಷದ ದಿನ ಬಂಧನವಾಗಿ, ಸರ್ವೋಚ್ಚ ನ್ಯಾಯಾಲಯ ಜಾಮೀನು ಕೊಡುವ ತನಕ ಒಂದು ತಿಂಗಳಿಗೂ ಹೆಚ್ಚು ಸೆರೆಯಲ್ಲಿದ್ದವರು ಅವರು. ದಾಸ್ ಒಂದು ರಾತ್ರಿಯೂ ಠಾಣೆಯಲ್ಲಿ ಕಳೆದಿಲ್ಲ. ಸನಾವರದ ಶಾಲೆ, ಅಮೆರಿಕದ ಪದವಿ, ನೆಟ್‌ಫ್ಲಿಕ್ಸ್ ಒಪ್ಪಂದ ಇವೆಲ್ಲ ಸೇರಿ ಅವರಿಗೆ ಒಂದು ಕೊಡೆ ಹಿಡಿದಿವೆ, ಮಳೆ ಒಂದೇ ಆದರೂ ನೆನೆದವರು ಬೇರೆ. ದಾಸ್ ಅವರ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ, ಅವರ ಕಥೆಯನ್ನು ಎಷ್ಟು ದೊಡ್ಡದಾಗಿ ಹೇಳಬೇಕು ಎಂಬ ಲೆಕ್ಕ ಮಾತ್ರ ಬದಲಾಗಿದೆ.

ಕರಿಕೋಟಿನವರು ಹೇಳಿದ ಕ್ಯಾಲೆಂಡರಿನ ಮಾತು ಮನಸ್ಸಿಗೆ ನಾಟಿತು. ಟಿಕೆಟಿನ ಹಣ ಆಗ ತಾನಾಗಿಯೇ ಹಿಂತಿರುಗಿ ಬಂದಿತ್ತು, ತಕರಾರಿಲ್ಲ. ಡಿಸೆಂಬರಿನಲ್ಲಿ ‘ಲ್ಯಾಂಡಿಂಗ್’ ನೆಟ್‌ಫ್ಲಿಕ್ಸಿಗೆ ಬಂದಾಗ ಅದನ್ನು ಮನೆಯ ಸೋಫಾದ ಮೇಲೆ ಕೂತು ನೋಡಿದೆವು. ನಡುವೆ ಕುಕ್ಕರ್ ಕೂಗಿದಾಗ ನನ್ನಾಕೆ ಎದ್ದು ಹೋಗಿ ಒಲೆ ಆರಿಸಿ ಬಂದು, ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ ಮತ್ತೆ ಹಾಕಿ ಎಂದಳು. ಮನೆಯಲ್ಲಿ ಇಬ್ಬರೇ ನಕ್ಕರೆ ಅಷ್ಟು ಸದ್ದಾಗುವುದಿಲ್ಲ.